ಚೀಟಿ ಅಕ್ಕನ ಕಂಚಿನ ಕಂಠ

ನಮ್ಮ ಆಸ್ಪತ್ರೆಯಲ್ಲಿ ಚೀಟಿ ಬರೆದುಕೊಡುವ ಅಕ್ಕನಿಗೆ ಮೈಕು ಬೇಡ. ದೇವರು ಕಂಚಿನ ಕಂಠ ಕೊಟ್ಟಿದ್ದಾನೆ. ಕಿಟಕಿಗೆ ಯಾರೇ ಬರಲಿ, "ಏನು ತೊಂದರೆ? ಎಷ್ಟು ದಿನದಿಂದ? ಬಾಯಿಬಿಟ್ಟು ಹೇಳಿ, ನನಗೇನು ಕನಸು ಬೀಳುತ್ತಾ?" ಎನ್ನುತ್ತಾಳೆ. ಹೇಳಿದ್ದನ್ನು ತಾನೊಮ್ಮೆ ಸಾರಿಯೇ ಮುದ್ರೆ ಕುಟ್ಟುವುದು. ಒಬ್ಬಾಕೆಯ ಮೂಲವ್ಯಾಧಿ ಸೈಕಲ್ ಸ್ಟ್ಯಾಂಡಿನವರೆಗೂ ಕೇಳಿಸಿದ ಮೇಲೆ ಹೆಂಗಸರು ಜಾಣರಾದರು: ಏನೇ ಇರಲಿ, "ತಲೆನೋವು" ಎಂದುಬಿಡುತ್ತಾರೆ. "ತಲೆ ಬಿಟ್ರೆ ನಿಮಗೆ ಮೈಯಲ್ಲಿ ಬೇರೇನೂ ಇಲ್ವೇನ್ರೀ?" ಎಂದು ಅಕ್ಕ ರೇಗುತ್ತಾಳೆ. ಮೊನ್ನೆ ಅವಳೇ ಕಿಟಕಿಯ ಈಚೆಗೆ, ಸಾಲಿನಲ್ಲಿ ನಿಂತಿದ್ದಳು. ಒಳಗಿದ್ದ ಹೊಸಬಳು "ಏನು ತೊಂದರೆ ಅಕ್ಕ?" ಎಂದಾಗ ಆ ಕಂಚಿನ ಕಂಠದಿಂದ ಪಿಸುಮಾತಿನಲ್ಲಿ ಹೊರಟದ್ದು, "ತಲೆನೋವು." ಹೊಸಬಳು ಬರೆದೂ ಆಯಿತು. ಅಕ್ಕ ಹಿಂದಿನ ಸಾಲನ್ನೊಮ್ಮೆ ನೋಡಿ ಗಂಟಲು ಸರಿಮಾಡಿಕೊಂಡಳು. "ಅದನ್ನ ಹೊಡೆದುಹಾಕು. ಯೋನಿಯ ಹೊರಗಡೆ ತುರಿಕೆ, ನಾಲ್ಕು ತಿಂಗಳಿಂದ. ಈಗ ಒಂದು ಗಂಟು, ರಕ್ತ ಬೇರೆ. ಕ್ಯಾನ್ಸರ್ ಇದ್ದರೂ ಇರಬಹುದು, ಡಾಕ್ಟ್ರು ನೋಡಲಿ. ಬರಿ!" ಸೈಕಲ್ ಸ್ಟ್ಯಾಂಡಿನವರೆಗೂ ಕೇಳಿಸಿತು. ಆಗಲೇ ಚೀಟಿ ಮಾಡಿಸಿಕೊಂಡು ಬೆಂಚಿನಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಮೆಲ್ಲನೆ ಎದ್ದು ಬಂದು, ಕಿಟಕಿಯೊಳಗೆ ಚೀಟಿ ಚಾಚಿದಳು: "ನಂದೂ ತಲೆನೋವಲ್ಲ ಕಣಮ್ಮ, ತಿದ್ದಿಕೊಡು."