ಬಂಗಲೆಯ ದಡಿಗೆ ಕೆಂಪು ರಾಜಗಿರಿ

ನನ್ನ ಮಾವನವರ ಕೆಲಸ ಉಳಿಸಿದ್ದು ಹೂವಲ್ಲ, ಪಲ್ಯ. ಜಮಖಂಡಿಯಲ್ಲಿ ಕೆಲವರು ಬೇರೆ ಹೇಳುತ್ತಾರೆ. ಪುಣೆಯಿಂದ ಬೀಜ ತರಿಸಿದ್ದರಂತೆ, ಸಂಸ್ಥಾನದ ಕಾಲದ ಮಾಲಿಗೆ ಏನೋ ಗುಟ್ಟು ಗೊತ್ತಿತ್ತಂತೆ, ಕೈಗುಣವಂತೆ. ಅದೇನೂ ಇಲ್ಲ. ಬೀಳಗಿ ಸಂತೆಯಲ್ಲಿ ಸಿವುಡು ಕಟ್ಟಿ ಮಾರುವ ಕೆಂಪು ರಾಜಗಿರಿ ಸೊಪ್ಪನ್ನು ನಾನು ಸಾಹೇಬರ ಬಂಗಲೆಯ ಮುಂದೆ ಬಿತ್ತಿದೆ. ಅದು ಬೆಳೆಯಿತು, ಕೆಂಪಗೆ ಕಂಡಿತು. ಆದದ್ದು ಇಷ್ಟೇ.

ಆಗ ನಾನು ಮದುವೆಯಾಗಿ ಬಂದು ಎರಡು ವರ್ಷವಾಗಿತ್ತು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಿತ್ತು, ಬಂಗಲೆಗೆ ಆ ಸರಕಾರದ ಸಾಹೇಬರು ಬಂದಿದ್ದರು. ಹಳೆಯ ಕೆಲಸದವರನ್ನು ಒಬ್ಬೊಬ್ಬರನ್ನಾಗಿ ಕರೆದು, ನೀನು ಇರು, ನೀನು ಹೋಗು ಅನ್ನುತ್ತಿದ್ದ ಕಾಲ. ಕುದುರೆ ನೋಡುವವರು ಹೋದರು, ದೀಪ ಹಚ್ಚುವವರು ಹೋದರು. ತೋಟದ ಮಾಲಿಯಾಗಿದ್ದ ಮಾವ ಉಳಿದಿದ್ದರು. ಬಂಗಲೆಯ ಹಿಂದೆ ಬಾವಿಯ ಪಕ್ಕ ಮಾಲಿಗೆಂದು ಎರಡು ಕೋಣೆ ಕೊಟ್ಟಿದ್ದರು. ಕೆಲಸ ಹೋದರೆ ಆ ಕೋಣೆಗಳೂ ಹೋಗುತ್ತಿದ್ದವು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಗಂಡ ಬನಹಟ್ಟಿಯಲ್ಲಿ ಒಬ್ಬರ ಮಗ್ಗದಲ್ಲಿ ನೇಯುತ್ತಿದ್ದ, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಹಾಗಾಗಿ ಮನೆಯಲ್ಲಿ ನಾನು, ಮಾವ ಇಬ್ಬರೇ. ಅವರೂ ಮಾತು ಕಡಿಮೆ, ನಾನೂ ಕಡಿಮೆ. ಸುಖವಾಗಿಯೇ ಇದ್ದೆವು.

ಬಂಗಲೆಯ ಗೇಟಿನಿಂದ ಮೆಟ್ಟಿಲ ತನಕ ನೆಟ್ಟಗೆ ಒಂದು ದಾರಿ. ಅದರ ಎರಡೂ ಬದಿಗೆ ಎರಡು ಮೊಳ ಅಗಲದ ಹೂವಿನ ಪಟ್ಟಿ. ಸಾಹೇಬರ ಹೆಂಡತಿ ಬಾಯಿಸಾಹೇಬರು ಅದಕ್ಕೆ ಬಾರ್ಡರ್ ಅನ್ನುತ್ತಿದ್ದರು, ಮಾವ ದಡಿ ಅನ್ನುತ್ತಿದ್ದರು. ಸೀರೆಗೆ ದಡಿ ಇದ್ದ ಹಾಗೆ ದಾರಿಗೂ ದಡಿ. ದಡಿ ಚೆನ್ನಾಗಿದ್ದರೆ ಒಡಲು ಸಾದಾ ಇದ್ದರೂ ನಡೆಯುತ್ತದೆ.

ಚಳಿಗಾಲದಲ್ಲಿ ಆ ದಡಿ ನೋಡುವಂತಿರುತ್ತಿತ್ತು. ಸೇವಂತಿ, ಚೆಂಡುಹೂ, ಝೀನಿಯಾ. ಹೋಳಿಹುಣ್ಣಿಮೆ ದಾಟಿತೆಂದರೆ ಒಂದೊಂದೇ ಒಣಗಿ, ಮುಡಿ ಕೊಟ್ಟು ಬಂದವರ ತಲೆಯ ಹಾಗಾಗುತ್ತಿತ್ತು. ಮತ್ತೆ ಬಣ್ಣ ಕಾಣುವುದು ಮಳೆ ಬಿದ್ದ ಮೇಲೆಯೇ. ನಡುವೆ ಎರಡು ಮೂರು ತಿಂಗಳು ಏನೂ ಇಲ್ಲ. ಹಿಂದೆ ಬಂಗಲೆಯಲ್ಲಿದ್ದವರು ಆ ತಿಂಗಳು ತಂಪಿನ ಊರಿಗೆ ಹೋಗಿಬಿಡುತ್ತಿದ್ದರು. ನೋಡುವವರೇ ಇಲ್ಲದ ಮೇಲೆ ಹೂವು ಯಾರಿಗೆ? ಮಾವ ಆಗ ಮಣ್ಣು ಅಗೆದು ಬಿಸಿಲಿಗೆ ಬಿಡುತ್ತಿದ್ದರು. ಭೂಮಿಗೂ ಒಂದಿಷ್ಟು ಸೂಟಿ ಬೇಕು ಎಂದು ಅವರ ಲೆಕ್ಕ.

ಈ ಬಾಯಿಸಾಹೇಬರು ಎಲ್ಲಿಗೂ ಹೋಗುವವರಲ್ಲ. ಪುಣೆಯ ಕಡೆಯವರು, ಚೈತ್ರಗೌರಿಯನ್ನು ತೂಗುಮಣೆಯ ಮೇಲೆ ಕೂಡಿಸಿ ಅಕ್ಷಯ ತದಿಗೆಯ ತನಕ ಒಂದು ತಿಂಗಳು ಪೂಜೆ ಮಾಡುವವರು. ಆ ತಿಂಗಳೊಳಗೆ ಒಂದು ಸಂಜೆ ಮುತ್ತೈದೆಯರನ್ನು ಕರೆದು ಅರಿಷಿಣ ಕುಂಕುಮ ಕೊಟ್ಟು, ಮಾವಿನಕಾಯಿ ಹಾಕಿದ ಕೋಸಂಬರಿ, ಪಾನಕ ಕೊಡಬೇಕು, ನೆನೆಸಿದ ಕಡಲೆಯಿಂದ ಉಡಿ ತುಂಬಬೇಕು. ಗೌರಿ ಕೂತ ದಿನವೇ ಅವರು ಮಾವನವರನ್ನು ಕರೆದರು. ನಾನು ಅಲ್ಲೇ ಕಸ ಹೊಡೆಯುತ್ತಿದ್ದೆ.

"ಮಾಲಿ, ಅಕ್ಷತದಿಗಿ ದಿನಾ ಅರಿಷಿಣ ಕುಂಕುಮ ಇಟ್ಟೀನಿ. ಊರಾನ ಬಾಯ್ಕಳು ಎಲ್ಲಾ ಬರ್ತಾರ. ತೋಟದಾಗ ಕೂಡಸ್ತೀನಿ. ಬಾರ್ಡರ್ ಹಿಂಗ ಬೋಳ ಇದ್ರ ನಡಿಯೂದಿಲ್ಲ ನೋಡು."

"ಆಗ್ತದರಿ ಬಾಯಿಸಾಹೇಬ್ರ," ಅಂದರು ಮಾವ.

"ಆಗ್ತದ ಅಂದ್ರ ಖರೇನ ಆಗ್ಬೇಕು. ನಮ್ಮ ಅಣ್ಣನ ಮನ್ಯಾಗ ಸಾಂಗಲಿ ಮಾಲಿ ಒಬ್ಬಾಂವ ಅದಾನ. ಬಾ ಅಂದ್ರ ನಾಳಿ ಬರ್ತಾನ."

ಮಾವ ಕೈಮುಗಿದು ಬಂದರು. ಆ ದಿನ ಒಂದು ರೊಟ್ಟಿ ತಿಂದು ಇನ್ನೊಂದನ್ನು ಹಾಗೇ ಬಿಟ್ಟರು.

"ಆಗೂದಿಲ್ಲ ಅಂತ ಗೊತ್ತಿದ್ದು ಯಾಕ ಆಗ್ತದ ಅಂದ್ರಿ?" ಕೇಳಿದೆ.

"ಮಾಲಿ ಆದಾಂವ ಮಾಲಕರ ಮುಂದ ಆಗೂದಿಲ್ಲ ಅನಬಾರದು. ನಮ್ಮ ಅಪ್ಪನೂ ಅಂದಿಲ್ಲ."

"ಹಂಗಾದ್ರ ಈಗ ಮಾಡ್ರಿ."

ಮಾಡಿದರು. ಮುಧೋಳದಲ್ಲಿ ಪರಿಚಯದವರ ಮನೆಗೆ ಹೋಗಿ, ಒದ್ದೆ ಗೋಣಿಚೀಲದಲ್ಲಿ ಒಂದು ಹೊರೆ ಕಡ್ಡಿ ತಂದರು. ನೆಲಕ್ಕೆ ಹರಡಿಕೊಳ್ಳುವ ದಪ್ಪ ಎಲೆಯ ಸಣ್ಣ ಗಿಡ. ಮಾವ ಅದಕ್ಕೆ ಚೀನಿಗುಲಾಬಿ ಅನ್ನುತ್ತಿದ್ದರು. ಎಂಥ ಬಿಸಿಲಿಗೂ ಜಗ್ಗುವುದಿಲ್ಲ. ಎರಡೂ ದಡಿಗೆ ಚುಚ್ಚಿದರು, ನಾನು ನೀರು ಹಾಕಿದೆ. ಎಂಟನೆಯ ದಿನಕ್ಕೇ ಮೊಗ್ಗು ಒಡೆದವು. ಗುಲಾಬಿ, ಹಳದಿ, ಕೇಸರಿ. ಬೆಳಗ್ಗೆ ಹತ್ತರ ಬಿಸಿಲಿಗೆ ನೋಡಬೇಕು. ಬಾಯಿಸಾಹೇಬರು ಮೆಟ್ಟಿಲ ಮೇಲೆ ನಿಂತು, "ಛಲೋ ಆತು ಮಾಲಿ," ಅಂದರು. ಮಾವ ಅಂದು ಮೂರು ರೊಟ್ಟಿ ತಿಂದರು.

ಸಂಜೆ ನೀರು ಹಾಕುವವಳು ನಾನು. ಝಾರಿ ಹಿಡಿದು ಹೋಗಿ ನೋಡಿದರೆ ದಡಿಯಲ್ಲಿ ಒಂದೂ ಹೂವಿಲ್ಲ. ಎಲ್ಲ ಮುದುಡಿ, ಜಗಿದು ಉಗಿದ ಎಲೆಯಡಿಕೆಯ ಹಾಗೆ ಕೂತಿವೆ. ಆ ಹೂವಿನ ಜಾತಿಯೇ ಹಾಗೆ. ಬಿಸಿಲೇರಿದಾಗ ಅರಳುತ್ತದೆ, ಊಟದ ಹೊತ್ತು ಸರಿದ ಮೇಲೆ ಮುಚ್ಚಿಕೊಳ್ಳುತ್ತದೆ. ಮರುದಿನವೂ ನೋಡಿದೆ. ಅದೇ ಕತೆ. ಅರಿಷಿಣ ಕುಂಕುಮಕ್ಕೆ ಹೆಂಗಸರು ಬರುವುದು ಸಂಜೆ ಐದಕ್ಕೆ.

ಮಾವನವರಿಗೆ ಹೂವಿನ ಗುಣ ಗೊತ್ತಿರಲಿಲ್ಲ ಎಂದಲ್ಲ. ಬಂಗಲೆಯ ಗಂಡಸರು ಬೆಳಗ್ಗೆ ಅಡ್ಡಾಡಲು ಬರುತ್ತಿದ್ದರು, ಅವರ ಕಣ್ಣಿಗೆಂದು ನಲವತ್ತು ವರ್ಷ ತೋಟ ಮಾಡಿದ ಮನುಷ್ಯ. ಹೆಂಗಸರು ಸಂಜೆ ಬಂದು ನೋಡುವ ತೋಟವನ್ನು ಅವರು ಯಾವತ್ತೂ ಮಾಡಿರಲಿಲ್ಲ. ಆ ಹೊತ್ತು ಅವರ ತಲೆಗೇ ಹೋಗಿರಲಿಲ್ಲ.

"ಮಾವಾರ, ಸಂಜಿಕ ನಿಮ್ಮ ಹೂವು ನಿದ್ದಿ ಹೊಡೀತಾವ," ಅಂದೆ.

ಅವರು ಬೀಡಿ ಹಚ್ಚುವವರು ಹಚ್ಚಲಿಲ್ಲ. ಎದ್ದು ಹೋಗಿ ದಡಿ ನೋಡಿ ಬಂದರು. ಮುಖ ಬೂದಿಯಾಗಿತ್ತು. ಇಪ್ಪತ್ತೊಂದು ದಿನ ಉಳಿದಿತ್ತು. ಬೀಜ ಹಾಕಿ ಹೂ ಕಾಣಲು ಯಾವ ಗಿಡಕ್ಕೂ ಅಷ್ಟು ದಿನ ಸಾಲದು.

ನನ್ನ ತವರು ಬೀಳಗಿಯ ಕಡೆ, ಕೃಷ್ಣೆಯ ದಂಡೆ. ಅವ್ವ ಪಲ್ಯ ಬೆಳೆದು ಸಂತೆಗೆ ಒಯ್ಯುವವಳು. ಹೂವಿನ ವಿಷಯ ನನಗೆ ಗೊತ್ತಿಲ್ಲ, ಪಲ್ಯದ್ದು ಗೊತ್ತು. ಹೋಳಿಹುಣ್ಣಿಮೆಗೆ ಹೋದಾಗ ತಂದ ರಾಜಗಿರಿ ಬೀಜವನ್ನು ಕೋಣೆಯ ಹಿಂದೆ ಒಂದು ಮಡಿ ಹಾಕಿದ್ದೆ. ಬೀಜ ಇನ್ನೂ ಉಳಿದಿತ್ತು.

"ಹಿತ್ತಲದಾಗ ನಮ್ಮ ರಾಜಗಿರಿ ನೋಡ್ರಿ, ಹೆಂಗ ಕೆಂಪಗ ಅದ. ಇಪ್ಪತ್ತು ದಿನಕ್ಕ ಗೇಣುದ್ದ ಬರ್ತದ. ಸಂಜಿಕ ಕಣ್ಣ ಮುಚ್ಚೂದಿಲ್ಲ."

"ಹುಚ್ಚಿ, ಅದು ಪಲ್ಯಾ."

"ಪಲ್ಯಾ ಅಂತ ಎಲಿ ಮ್ಯಾಲ ಬರದಿಲ್ಲಲ್ಲ."

"ಸರಕಾರಿ ಬಂಗಲಿ ಮುಂದ ಪಲ್ಯಾ ಬಿತ್ತೀನಂತಿ. ನಾಳಿ ಬದನಿಕಾಯಿ ಹಚ್ಚು. ನಾಡದ ಎಮ್ಮಿ ಕಟ್ಟು."

"ಎಮ್ಮಿ ಇದ್ರ ಕಟ್ಟತಿದ್ದೆ."

ಪಲ್ಯ ಅಡುಗೆಮನೆಯ ಹಿಂದೆ, ಹೂವು ಬಾಗಿಲ ಮುಂದೆ. ಮಾಲಿಗಳಿಗೆ ಅದು ಜಾತಿಯಿದ್ದ ಹಾಗೆ. ಕೊನೆಗೆ ಮಾವ ಅಂದರು, "ನಾ ನಾಳಿ ಮುಂಜಾನೆ ಮುಧೋಳಕ್ಕ ಹೊಂಟೀನಿ."

"ಮುಧೋಳದಾಗ ಏನ್ ಕೆಲಸ ಐತಿ?"

"ಏನೂ ಇಲ್ಲ. ನಾ ಏನೂ ನೋಡಿಲ್ಲ."

ಅವರು ಹೋದ ಮೇಲೆ ಬಿತ್ತಿದೆ. ರಾಜಗಿರಿ ಬೀಜ ಸಾಸಿವೆಗಿಂತ ಸಣ್ಣದು, ಕೈಗೆ ನಿಲ್ಲುವುದಿಲ್ಲ. ಒಂದು ಹಿಡಿ ಬೀಜಕ್ಕೆ ಐದು ಹಿಡಿ ಒಣ ಉಸುಕು ಕೂಡಿಸಿ ಸಾಲಾಗಿ ಉದುರಿಸಬೇಕು. ಚೀನಿಗುಲಾಬಿಯನ್ನು ಕೀಳಲಿಲ್ಲ. ಅದರ ಹಿಂದೆ ಮೂರು ಸಾಲು ಗೆರೆ ಎಳೆದು ಉದುರಿಸಿ, ಅಂಗೈಯಿಂದ ಒತ್ತಿ, ಒದ್ದೆ ಗೋಣಿ ಹೊದಿಸಿದೆ. ಇರುವೆ ಬೀಜ ಹೊತ್ತು ಹೋಗದಂತೆ ಅಂಚಿಗೆ ಬೂದಿ. ಬೆಳಗ್ಗೆ ಬಿಸಿಲು ಬೀಳುವ ಮೊದಲು ಒಮ್ಮೆ, ಸಂಜೆ ಒಮ್ಮೆ ನೀರು. ಬಾವಿಯ ಗಡಗಡಿಯ ಹಗ್ಗ ಎಳೆದೆಳೆದು ಅಂಗೈ ಸುಲಿಯಿತು. ಅದಕ್ಕೆ ಅರಿಷಿಣ ಎಣ್ಣೆ ಹಚ್ಚಿದೆ, ಹೋಯಿತು.

ನಾಲ್ಕನೆಯ ದಿನ ಕೆಂಪು ನೂಲು ಎದ್ದ ಹಾಗೆ ಮೊಳಕೆ ಬಂದವು. ಇನ್ನೊಂದು ವಾರಕ್ಕೆ ಒತ್ತಾಗಿ ಬಂದದ್ದನ್ನು ಕಿತ್ತು ನಮ್ಮ ಗಡಿಗೆಗೆ ಹಾಕಿದೆ. ಮಾವ ಎರಡು ಸಲ ಹಾಕಿಸಿಕೊಂಡು ಉಂಡರು. ಎಲ್ಲಿಯದು ಎಂದು ಕೇಳಲಿಲ್ಲ.

ಹದಿನೈದು ದಿನಕ್ಕೆ ಬಾಯಿಸಾಹೇಬರ ಕಣ್ಣಿಗೆ ಬಿತ್ತು. ಅವರ ಮನೆಯಲ್ಲಿ ಅಡುಗೆಯವರಿದ್ದರು. ಪಲ್ಯ ಹೆಚ್ಚಿ ಬೇಯಿಸಿ ತಾಟಿಗೆ ಬಂದ ಮೇಲೆಯೇ ಅವರು ಅದನ್ನು ನೋಡುವುದು. ನೆಲದ ಮೇಲೆ ನಿಂತದ್ದು ಗುರುತಾಗಲಿಲ್ಲ.

"ಇದೇನು ಹೊಸಾದು?"

"ಬಣ್ಣದ ಎಲೀರಿ," ಅಂದರು ಮಾವ.

"ಎಲ್ಲಿಂದ ತರಿಸಿದಿ?"

"ನಮ್ಮ ಸೊಸಿ ತವರ ಕಡಿಂದರಿ. ಕೃಷ್ಣಾ ದಂಡಿ ಮ್ಯಾಲ ಭಾಳ ಬೆಳೀತದ."

ಒಂದು ಮಾತೂ ಸುಳ್ಳಲ್ಲ. ನಾನು ತಲೆ ಎತ್ತದೆ ನೀರು ಹಾಕಿದೆ.

ಅಕ್ಷತದಿಗಿ ಬಂತು. ಸಂಜೆ ಐದಕ್ಕೆ ಇಳಕಲ್ಲ ಸೀರೆ, ಒಂಬತ್ತು ಗಜದ ಸೀರೆ ಉಟ್ಟು ಒಬ್ಬೊಬ್ಬರೇ ಬಂದರು, ಮೂವತ್ತು ನಲವತ್ತು ಜನ. ಚೀನಿಗುಲಾಬಿ ಮುಚ್ಚಿಕೊಂಡಿತ್ತು. ಅದರ ಹಿಂದೆ ರಾಜಗಿರಿ ಗೇಣಿಗಿಂತ ಎತ್ತರ ನಿಂತಿತ್ತು. ಇಳಿಬಿಸಿಲು ಎಲೆಯ ಹಿಂದಿನಿಂದ ಬೀಳುವಾಗ ಎರಡೂ ದಡಿ ಕುಂಕುಮ ಚೆಲ್ಲಿದ ಹಾಗೆ ಕಂಡವು. ನಾನು ಹಾಕಿದ್ದು ಎಂದು ಹೇಳುತ್ತಿಲ್ಲ, ಖರೇನೇ ಚೆನ್ನಾಗಿತ್ತು. ಬಂದವರೆಲ್ಲ ಹೊಗಳಿದರು. ನಾನು, ಮಾವ ಬಾವಿಯ ಕಟ್ಟೆಯ ಹತ್ತಿರ ನಿಂತು ನೋಡುತ್ತಿದ್ದೆವು.

ಪೂಜಾರಿಕೆಯ ಮನೆತನದ ಒಬ್ಬ ಮುದುಕಿ ಬಂದಿದ್ದರು. ಎಂಬತ್ತರ ಮುತ್ತೈದೆ, ಬೆನ್ನು ಬಾಗಿತ್ತು, ಹಣೆತುಂಬ ಕುಂಕುಮ. ಬಾಗಿದವರಿಗೆ ನೆಲದ್ದೇ ಮೊದಲು ಕಾಣುತ್ತದೆ. ಆಕೆ ದಡಿಯ ಹತ್ತಿರ ನಿಂತು ಒಂದು ಎಲೆ ಮುರಿದು, ಬೆರಳಲ್ಲಿ ಹೊಸಕಿ, ಮೂಸಿ ನೋಡಿದರು.

"ಬಾಯಿ, ಇದು ರಾಜಗಿರಿ ಪಲ್ಯಾ ಅಲ್ಲೇನವಾ?"

ಹತ್ತಿರದವರು ತಿರುಗಿ ನೋಡಿದರು. ಬಾಯಿಸಾಹೇಬರ ಮುಖ ಬಿಗಿಯಿತು. ಇಷ್ಟು ಹೊತ್ತು ಅದನ್ನೇ ಎಲ್ಲರಿಗೂ ತೋರಿಸಿದ್ದರು.

"ಮಾಲಿ."

ಮಾವ ಕಾಲಲ್ಲಿದ್ದ ಚಪ್ಪಲಿ ಬಿಟ್ಟು ಹೋಗಿ ನಿಂತರು. ನಾನು ನಾಲ್ಕು ಹೆಜ್ಜೆ ಹಿಂದೆ.

"ಇದು ಪಲ್ಯಾನ?"

"ಹೌದರಿ."

"ಯಾರು ಹಾಕಿದವರು?"

"ನಾನ ಹಾಕೇನಿರಿ."

ಆ ತಿಂಗಳಲ್ಲಿ ಅವರು ಹೇಳಿದ ಸುಳ್ಳು ಅದೊಂದೇ. ನಾನು ಬಾಯಿ ತೆರೆಯುವವಳಿದ್ದೆ, ಅವರು ಹಿಂದೆ ಕೈಮಾಡಿ ತಡೆದರು. ನನ್ನ ತಲೆಯಲ್ಲಿ ಆಗಲೇ ಮನೆಯ ಸಾಮಾನು ಗಂಟು ಕಟ್ಟುವುದು ನಡೆದಿತ್ತು. ಬನಹಟ್ಟಿಯಲ್ಲಿ ಒಂದು ಕೋಣೆ ಸಿಗಬಹುದು, ಆದರೆ ಮಗ್ಗದ ಮನೆಯಲ್ಲಿ ಕೂತು ಈ ಮನುಷ್ಯ ಏನು ಮಾಡುತ್ತಾರೆ, ಮಣ್ಣೇ ಇಲ್ಲದ ಕಡೆ.

ಮುದುಕಿ ಎಲೆಯನ್ನು ಇನ್ನೂ ಬಿಟ್ಟಿರಲಿಲ್ಲ. "ಸಿಟ್ಟ್ಯಾಕ ಆಗ್ತಿ ಬಾಯಿ? ಈ ಬಿಸಲಾಗ ನಮ್ಮ ಮನ್ಯಾಗ ತುಳಸೀನ ಒಣಗೇತಿ. ನಿಂದು ನೋಡು ಹೆಂಗ ಅದ. ಹೋಗೂ ಮುಂದ ನನ್ನ ಉಡಿಗೆ ಇದನ್ನ ಒಂದ್ ಸಿವುಡು ಹಾಕ್ಸು. ನಿನ್ನ ಕಡ್ಲಿ ಅಗಿಯಾಕ ನನಗ ಹಲ್ಲಿಲ್ಲ."

ಯಾರೋ ಕಿಸಕ್ಕೆಂದರು. "ಕಡ್ಲಿಬ್ಯಾಳಿ ಹಾಕಿ ಮಾಡಿದ್ರ ಭಾಳ ರುಚಿ ಆಗ್ತದರಿ, ನನಗೂ ಒಂದ್ ಇರಲಿ," ಅಂದಳು ಇನ್ನೊಬ್ಬಳು. ಬೇಸಿಗೆಯಲ್ಲಿ ಎಳೆಯ ಪಲ್ಯ ಯಾರಿಗೆ ಬೇಡ? ಒಬ್ಬೊಬ್ಬರೇ ಕೇಳತೊಡಗಿದರು. ಬಾಯಿಸಾಹೇಬರು ಅವರ ಮುಖ ನೋಡಿದರು, ದಡಿ ನೋಡಿದರು. ತಮ್ಮನ್ನು ನೋಡಿ ಯಾರೂ ನಗುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ತಾವೂ ನಕ್ಕರು.

"ಇವತ್ತ ಕೀಳೂದು ಬ್ಯಾಡ, ಬಾರ್ಡರ್ ಹಾಳಾಗ್ತದ. ನಾಳಿ ಎಲ್ಲಾರ ಮನಿಗೂ ಕಳಸ್ತೀನಿ."

ಹೆಂಗಸರು ಹೋದ ಮೇಲೆ ಮಾವನವರನ್ನು ಮತ್ತೆ ಕರೆದರು. "ಮಾಲಿ, ಎಲ್ಲಾರಿಗೂ ಮಾತು ಕೊಟ್ಟೀನಿ. ಪಲ್ಯಾನೂ ಹೋಗ್ಬೇಕು, ಮಳಿ ಬೀಳೂತನಕ ಈ ಕೆಂಪೂ ಹಿಂಗ ಇರಬೇಕು."

"ಆಗ್ತದರಿ ಬಾಯಿಸಾಹೇಬ್ರ."

ಸಾಂಗಲಿಯ ಮಾಲಿಯ ಮಾತು ಅವರು ಎತ್ತಲಿಲ್ಲ. ಮಳೆಯ ತನಕ ಅಂದರೆ ಅಷ್ಟರ ತನಕವಾದರೂ ನಾವು ಇಲ್ಲೇ. ಮಾವ ಬಂದು ಕಟ್ಟೆಯ ಮೇಲೆ ಕೂತು, "ಕೊಡೂದೂ ಆಗ್ಬೇಕಂತ, ಇರೂದೂ ಆಗ್ಬೇಕಂತ," ಅಂದರು.

"ನಿಮಗ ಕೇಳಿದ್ರ ಆಗ್ತದ ಅಂದ್ರಿ. ನನಗ ಕೇಳಿದ್ರೂ ಆಗ್ತದ ಅಂತಿದ್ದೆ," ಅಂದೆ.

ಮರುದಿನ ಬೆಳಕು ಹರಿಯುವ ಮೊದಲು ಕುಡುಗೋಲು ತಗೊಂಡು ಹೋದೆ. ಬೇರು ಕೀಳಲಿಲ್ಲ. ನಡುವಿನ ಸಾಲನ್ನು ಮುಟ್ಟದೆ ಬಿಟ್ಟು, ಅತ್ತಿತ್ತಲ ಎರಡು ಸಾಲನ್ನು ನೆಲದಿಂದ ನಾಲ್ಕು ಬೆರಳು ಮೇಲೆ ಕೊಯ್ದೆ. ಹಾಗೆ ಕೊಯ್ದರೆ ಎಂಟು ದಿನಕ್ಕೆ ಪಕ್ಕದಿಂದ ಎರಡು ಚಿಗುರು ಒಡೆಯುತ್ತವೆ, ಆಗ ನಡುವಿನದನ್ನು ಕೊಯ್ಯಬಹುದು. ಮಾವ ಕಟ್ಟೆಯ ಮೇಲೆ ಕೂತು ಸಿವುಡು ಕಟ್ಟಿದರು. ಮುದುಕಿಯ ಮನೆಗೆ ಹೋಗುವುದನ್ನು ಸ್ವಲ್ಪ ದಪ್ಪಗೆ ಕಟ್ಟಲು ಹೇಳಿ, ನಾನು ಝಾರಿ ತುಂಬಿಕೊಂಡು ಕೊಯ್ದ ಬುಡಗಳಿಗೆ ನೀರು ಹಾಕಿದೆ.