ಕೂಡು ಮೊದಲ

ಮಗುವಿಗೆ ಬೇಡ ಎನ್ನಬೇಕಾದಾಗ ಶಾಂತಕ್ಕ ಮೊದಲು ನೆಲಕ್ಕೆ ಕೂರುತ್ತಿದ್ದರು. ಮೊಣಕಾಲು ನೋವಿನ ದೊಡ್ಡ ಮೈ. ಕೂರುವುದೇ ಒಂದು ಕೆಲಸ. ಗೋಡೆ ಹಿಡಿದು, "ಯವ್ವಾ" ಎಂದು ಉಸಿರುಬಿಟ್ಟು, ಸೆರಗು ಸರಿಮಾಡಿ, ಪಕ್ಕದ ನೆಲ ತಟ್ಟಿ "ಕೂಡು ಮೊದಲ" ಎನ್ನುವರು. ಅಷ್ಟರಲ್ಲೇ ಅರ್ಧ ಹಟ ಇಳಿದಿರುತ್ತಿತ್ತು.

ತೆಲುಗು ನಾಡಿನ ಕುಷಾಯಿಗೂಡದಲ್ಲಿ ನಮಗೂ ಅವರಿಗೂ ಒಂದೇ ಗೋಡೆ. ಈಗ ಅದರಾಚೆ ಬೇರೆಯವರಿದ್ದಾರೆ. ನಾನು ಕಾರ್ಖಾನೆಗೆ ಹೋದರೆ ಮೂರು ವರ್ಷದ ಮಗಳು ಸುಧಾ ಅವರ ಬಳಿ ಇರುತ್ತಿದ್ದಳು. ಕಾರ್ಖಾನೆಯ ಬಸ್ಸು ಬಂದೊಡನೆ ತಾನೂ ಬರುತ್ತೇನೆಂದು ರಸ್ತೆಯಲ್ಲೇ ಹೊರಳುವಳು. ಹೀಗೇ ನಡೆದರೆ ಕೆಲಸ ಬಿಡುವುದೇ ಸರಿ ಅನ್ನಿಸತೊಡಗಿತ್ತು.

ಒಂದು ದಿನ ಡ್ರೈವರ್ ಕಿಟಕಿಯಿಂದ ಬಗ್ಗಿ, "ಬಸ್ಸುಲೋ ಬೂಚಿ ಉಂದಿ, ರಾಕು!" ಎಂದ. ಬಸ್ಸಿನಲ್ಲಿ ಗುಮ್ಮ ಇದೆ, ಬರಬೇಡ ಎಂದು. ಸುಧಾ ಗಪ್ಪಾದಳು. ಪಾಪ, ಅವನದು ಒಳ್ಳೆಯ ಮನಸ್ಸೇ. ಆದರೆ ಅವಳು ದಿನವಿಡೀ ಉಣ್ಣದೆ ಬಾಗಿಲಲ್ಲೇ ಕೂತಿದ್ದಳಂತೆ. ಸಂಜೆ ನಾನು ಬಂದಾಗ ಕೈಕಾಲು ಮುಟ್ಟಿ ಮುಟ್ಟಿ ನೋಡಿದಳು. "ಅವ್ವಾ, ಬೂಚಿ ಕಚ್ಚಲಿಲ್ಲಾ?"

ಮರುದಿನ ಶಾಂತಕ್ಕ ಬಸ್ಸಿನವರೆಗೂ ಬಂದರು. "ಬೂಚಿ ತೋ ತುಮೀಚ್ ಹೈ ಭಯ್ಯಾ!", ಗುಮ್ಮ ಅಂದರೆ ನೀವೇ ಅಣ್ಣಾ, ಎಂದು ಡ್ರೈವರನಿಗೆ ದಬಾಯಿಸಿದಾಗ ಬಸ್ಸೆಲ್ಲ ನಕ್ಕಿತು, ಅವನೂ ನಕ್ಕ. ಆಮೇಲೆ ಅವರು ರಸ್ತೆ ಬದಿಯ ಕಟ್ಟೆಯ ಮೇಲೆ ಕೂತು ಪಕ್ಕ ತಟ್ಟಿದರು.

"ಕೂಡು ಮೊದಲ. ಬಸ್ಸಿನ್ಯಾಗ ಏನೂ ಇಲ್ಲ. ಆದ್ರೂ ನೀ ಹೋಗಂಗಿಲ್ಲ. ಅವ್ವ ಸಂಜೀಕ ಬರ್ತಾಳ. ಅಳು ಬಂದ್ರ ಅಳು, ನಾ ಇಲ್ಲೇ ಅದೀನಿ."

ಸುಧಾ ಜೋರಾಗಿ ಅತ್ತಳು. ಶಾಂತಕ್ಕ ಗದರಲಿಲ್ಲ, ತಿನ್ನಲು ಏನೂ ಕೊಡಲಿಲ್ಲ. ಮಡಿಲಲ್ಲಿ ತಂದಿದ್ದ ಪುಂಡಿಸೊಪ್ಪು ಬಿಡಿಸತೊಡಗಿದರು. ಬಸ್ಸು ತಿರುಗುವಾಗ ನೋಡಿದೆ: ಬಿಕ್ಕುತ್ತಲೇ ಸುಧಾ ಒಂದು ಕಡ್ಡಿ ಎತ್ತಿಕೊಂಡಿದ್ದಳು.

"ಬಿಸ್ಕಿಟ್ ಕೊಟ್ಟಿದ್ರ ಸುಮ್ಮನಾಗ್ತಿದ್ಲಲ್ಲಕ್ಕಾ?" ಎಂದು ಸಂಜೆ ಕೇಳಿದೆ.

"ಬಾಯಿ ಸುಮ್ಮನಾಗ್ತಿತ್ತು. ಒಳಗಿನ ಸಂಕಟ ಎಲ್ಲಿ ಹೋಗಬೇಕು? ಅತ್ತು ಮುಗಸ್ಲಿ ಬಿಡು."

ಮಳೆಗಾಲದ ಹೊತ್ತಿಗೆ ಬಸ್ಸು ಕಂಡರೆ ಸುಧಾ ತಾನೇ ಹೋಗಿ ಕಟ್ಟೆಯ ಮೇಲೆ ಕೂರುತ್ತಿದ್ದಳು. ಸ್ವಲ್ಪ ಅತ್ತು, ಮೂಗೊರೆಸಿಕೊಂಡು, ಕೈಬೀಸುವಳು. ನನ್ನ ಕೆಲಸ ಉಳಿಯಿತು.

ವರ್ಷಗಳು ಕಳೆದು ಸುಧಾಳ ಮದುವೆ ಗೊತ್ತಾದಾಗ ಶಾಂತಕ್ಕ ಹಾಸಿಗೆ ಹಿಡಿದಿದ್ದರು. ಧಾರೆ ಸೀರೆ ತೋರಿಸಲು ಹೋದವಳು ಅವರ ಮುಖ ನೋಡಿ ಸೀರೆ ಮರೆತೆ. "ಮದುವಿಗೆ ನೀವು ಎದ್ದು ಬರಬೇಕಕ್ಕಾ. ನೀವಿಲ್ದ ನಡ್ಯಂಗಿಲ್ಲ" ಎಂದು ನಿಂತಲ್ಲೇ ಹಟ ಹಿಡಿದೆ.

ಅವರು ನೆಲಕ್ಕಿಳಿಯುವಂತಿರಲಿಲ್ಲ. ಮಂಚದ ಅಂಚು ತಟ್ಟಿದರು.

"ಕೂಡು ಮೊದಲ, ಸರೋಜಾ."

ಕೂತೆ. ಮುಂದಿನ ಮಾತು ಏನೆಂದು ಗೊತ್ತಾಗಿತ್ತು.

"ಬರಾಕ ಆಗಂಗಿಲ್ಲ" ಎಂದರು.

ಅಲ್ಲೇ ಅತ್ತುಬಿಟ್ಟೆ. ಅವರು ಸಮಾಧಾನದ ಮಾತು ಆಡಲಿಲ್ಲ. ನನ್ನ ಅಳು ಮುಗಿಯುವವರೆಗೂ ಕೈ ಹಿಡಿದುಕೊಂಡಿದ್ದು, ಆಮೇಲೆ ಹೇಳಿದರು:

"ಹೂಂ, ಈಗ ಸೀರಿ ತೋರ್ಸು."