ಚನ್ನಬಸಣ್ಣನ ಕಾರಿನ ಏಸಿ ಬಿಚ್ಚಿದ್ದು

ಚನ್ನಗಿರಿಯಲ್ಲಿ ನಾನು ಮೂವತ್ತೊಂದು ವರ್ಷ ಕಾರುಗಳ ಏಸಿ ಕೆಲಸ ಮಾಡಿದ್ದೇನೆ. ಹೊಸದಾಗಿ ಕೂರಿಸಿದ್ದೇನೆ, ರಿಪೇರಿ ಮಾಡಿದ್ದೇನೆ, ಗ್ಯಾಸ್ ತುಂಬಿದ್ದೇನೆ. ಆದರೆ ಚೆನ್ನಾಗಿ ನಡೆಯುತ್ತಿದ್ದ ಏಸಿಯನ್ನು ಪೂರ್ತಿ ಬಿಚ್ಚಿ ತೆಗೆದದ್ದು ಒಂದೇ ಸಲ. ಅದು 2022ರ ಫೆಬ್ರುವರಿ. ಶೆಡ್ಡನ್ನು ಇನ್ನೊಬ್ಬರಿಗೆ ವಹಿಸಿ ಮನೆ ಸೇರಲು ನನಗೆ ಇನ್ನೊಂದೇ ವರ್ಷ ಉಳಿದಿತ್ತು.

ಒಂದು ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಶೆಡ್ಡಿನ ಮುಂದೆ ಒಂದು ಕೆಂಪು ಸ್ಪೋರ್ಟ್ಸ್ ಕಾರು ಬಂದು ನಿಂತಿತು. ಎರಡೇ ಸೀಟು, ರಸ್ತೆಯ ಉಬ್ಬುಗಳಿಗೆ ಹೊಟ್ಟೆ ತಾಗುವಷ್ಟು ತಗ್ಗು, ಎಂಬತ್ತರ ದಶಕದ ವಿದೇಶಿ ಗಾಡಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ತಾಲ್ಲೂಕು ಸುತ್ತಿದವನು ನಾನು. ಅಂಥದ್ದು ಇನ್ನೊಂದನ್ನು ಕಂಡಿಲ್ಲ. ಅದು ನ್ಯಾಮತಿಯ ಚನ್ನಬಸಪ್ಪನವರ ಕಾರು; ನಮ್ಮ ಬಾಯಲ್ಲಿ ಅವರು ಚನ್ನಬಸಣ್ಣ. ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದವರು ಅವರು. ಗುಜರಿಗೆ ಹೋಗಬೇಕಿದ್ದ ಗಾಡಿಯನ್ನು ಮನೆಗೆ ತಂದು, ಮೂರು ವರ್ಷ ಪಟ್ಟು ಹಿಡಿದು ಕೂತು, ತಾವೇ ಒಂದೊಂದು ಬೋಲ್ಟನ್ನೂ ಜೋಡಿಸಿ ರಸ್ತೆಗಿಳಿಸಿದ್ದರು. 2003ರಲ್ಲಿ ಅದಕ್ಕೆ ಏಸಿ ಹಾಕಿದವನು ನಾನೇ.

ಕಾರಿನಿಂದ ಇಳಿದದ್ದು ಅವರಲ್ಲ, ಅವರ ಹೆಂಡತಿ ಗಿರಿಜಮ್ಮ ಮೇಡಂ. ನಿವೃತ್ತ ಹೆಡ್‌ಮೇಡಂ. ಕೀಲಿಯನ್ನು ನನ್ನ ಕೈಗಿಟ್ಟು, ಪೀಠಿಕೆಯಿಲ್ಲದೆ ವಿಷಯಕ್ಕೆ ಬಂದರು.

"ತಿಪ್ಪೇಸ್ವಾಮಿಯವರೇ, ಇದರ ಏಸಿ ತೆಗೆದುಬಿಡ್ರಿ."

"ಯಾಕ್ರಿ ಮೇಡಂ, ಕೂಲಿಂಗ್ ಕಮ್ಮಿ ಆಗೈತಾ?"

"ಕೂಲಿಂಗ್ ಚೆನ್ನಾಗೇ ಐತೆ. ಪೂರಾ ತೆಗೀಬೇಕು. ಒಂದು ಪೈಪೂ ಉಳೀಬಾರದು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಕೈಕೊಡದ ಕೆಲಸ ಅದು. "ಬ್ಯಾಡಾಗಿದ್ರೆ ಸ್ವಿಚ್ ಆಫ್ ಮಾಡ್ಕೊಂಡು ಓಡಾಡ್ರಿ. ಚೆನ್ನಾಗಿರೋದನ್ನ ಬಿಚ್ಚಾಕೆ ನನ್ನಿಂದಾಗಲ್ಲ" ಎಂದು ಕೀಲಿಯನ್ನು ಅವರತ್ತ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ. ಸ್ಟೂಲಿನ ಮೇಲೆ ಕೂತರು, ನೀರು ಕೇಳಿ ಕುಡಿದರು, ಆಮೇಲೆ ಹೇಳತೊಡಗಿದರು.

ಸಕ್ಕರೆ ಕಾಯಿಲೆಯಿಂದ ಚನ್ನಬಸಣ್ಣನ ಎರಡೂ ಕಣ್ಣು ಹೋಗಿ ವರ್ಷವಾಗುತ್ತ ಬಂದಿತ್ತು. ಆಪರೇಷನ್ ಆದಮೇಲೂ ಬೆಳಕು ಯಾವುದು, ಕತ್ತಲೆ ಯಾವುದು ಎನ್ನುವಷ್ಟೇ ತಿಳಿಯುತ್ತಿತ್ತು. ಅಂಗಡಿ ಮುಚ್ಚಿತು. ಗಂಡನನ್ನು ಅವರದೇ ಕಾರಿನಲ್ಲಿ ಕೂರಿಸಿಕೊಂಡು ತಿರುಗಾಡಿಸಬೇಕೆಂದು ಗಿರಿಜಮ್ಮ ಅರವತ್ತೊಂದನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತರು. ಮೊದಲ ಸಲ ಹೊರಟ ದಿನ ಊರು ದಾಟುವ ಮುಂಚೆಯೇ ಚನ್ನಬಸಣ್ಣ ಗಾಡಿ ತಿರುಗಿಸು ಎಂದರಂತೆ. "ಇದು ನನ್ನ ಗಾಡಿ ಅಲ್ಲ. ಯಾವುದೋ ಪೆಟ್ಟಿಗೇಲಿ ಕೂಡಿಹಾಕ್ದಂಗೆ ಐತೆ" ಎಂದು ಮನೆಯೊಳಗೆ ಹೋಗಿ ಕುಳಿತವರು ಏಳು ತಿಂಗಳಿಂದ ಹೊಸ್ತಿಲು ದಾಟಿರಲಿಲ್ಲ. ಮಾತು ಕೂಡ ಹೂಂ, ಊಹೂಂಗೆ ಇಳಿದಿತ್ತು.

ಬಾನೆಟ್ ಎತ್ತಿ ಎಂಜಿನ್ ಶುರು ಮಾಡಿ ಸದ್ದಿಗೆ ಕಿವಿಗೊಟ್ಟೆ. ಏಸಿ ಆಫ್ ಇದ್ದರೂ ಅದರ ಕಂಪ್ರೆಸರಿನ ಪುಲ್ಲಿ ಬೆಲ್ಟಿನ ಜೊತೆ ತಿರುಗುತ್ತಲೇ ಇರುತ್ತದೆ. ಆ ಪುಲ್ಲಿಯ ಬೇರಿಂಗ್ ಸವೆದು ಸಣ್ಣಗೆ ಗುಂಯ್ ಎನ್ನುತ್ತಿತ್ತು. ನಾನಾದರೆ ಅದನ್ನು ಸದ್ದು ಎಂದೇ ಕರೆಯುತ್ತಿರಲಿಲ್ಲ. ಬೇರಿಂಗ್ ಬದಲಾಯಿಸಿದರೆ ಒಂದು ಗಂಟೆಯಲ್ಲಿ ಮುಗಿಯಿತು ಎಂದೆ. ಗಿರಿಜಮ್ಮ ಒಪ್ಪಲಿಲ್ಲ.

"ಕಣ್ಣು ಹೋದಮ್ಯಾಲೆ ಅವರಿಗೆ ಗಾಡಿ ಅಂದ್ರೆ ಅದರ ಸದ್ದು, ಹೊರಗಿನ ಗಾಳಿ ಎರಡೇ. ಸದ್ದು ಹೋಯ್ತು ಅಂತ ಇಟ್ಕಳ್ರಿ, ಗಾಳಿ ಎಲ್ಲಿಂದ ತರ್ತೀರಿ? ಕಿಟಕಿ ಇಳಿಸಿದ್ರೆ ಧೂಳು ನೇರ ಕಣ್ಣಿಗೆ ಹೊಡೀತೈತೆ, ಡಾಕ್ಟ್ರು ಬ್ಯಾಡ ಅಂದಾರೆ. ಕಾಲ ಹತ್ರ ಹೊರಗಿನ ಗಾಳಿ ಬರಾಕೆ ಒಂದು ದಾರಿ ಇತ್ತು. ಅದನ್ನ ಮುಚ್ಚಿದೋರು ನೀವೇ."

ನಿಜ. ಅಷ್ಟು ಚಿಕ್ಕ ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ಕೂಲಿಂಗ್ ಕಾಯಿಲ್ ಇರುವ ಡಬ್ಬಿಗೆ ಜಾಗವಿರಲಿಲ್ಲ. ಹೊರಗಿನ ಗಾಳಿ ತರುವ ಮೂಲ ಗಾಳಿಪೆಟ್ಟಿಗೆಯನ್ನು ಕಿತ್ತು, ಆ ಬಾಯಿಗೆ ತಗಡು ಬಡಿದು ಜಾಗ ಮಾಡಿದ್ದೆ. ಆ ಜಾಣತನವನ್ನು ಎಷ್ಟೋ ಜನರ ಮುಂದೆ ಕೊಚ್ಚಿಕೊಂಡಿದ್ದೆ ಕೂಡ.

"ಅವತ್ತು ಏಸಿ ಹಾಕ್ಸಿದ್ದು ನನಗೋಸ್ಕರ" ಎಂದರು ಗಿರಿಜಮ್ಮ. ಆಗ ಅವರ ಶಾಲೆ ಜಗಳೂರು ತಾಲ್ಲೂಕಿನಲ್ಲಿತ್ತು. ಪ್ರತಿ ಶನಿವಾರ ಮಧ್ಯಾಹ್ನ ಚನ್ನಬಸಣ್ಣ ಹೋಗಿ ಅವರನ್ನು ಕರೆತರುತ್ತಿದ್ದರು. "ಆ ಕಡೆ ಬಿಸಿಲು ನನಗೆ ತಡೀತಿರಲಿಲ್ಲ. ಅವರಿಗೆ ಏಸಿ ಎಂದೂ ಸೇರಲಿಲ್ಲ, ಬಾಯಿ ಬಿಟ್ಟು ಹೇಳಲಿಲ್ಲ ಅಷ್ಟೇ. ಈಗ ಅವರಿಗೋಸ್ಕರ ತೆಗೀರಿ."

ಕೀಲಿಯನ್ನು ಜೇಬಿಗೆ ಹಾಕಿಕೊಂಡೆ.

ಏಸಿ ತೆಗೆಯುವುದೆಂದರೆ ನಾಲ್ಕು ಬೋಲ್ಟು ಬಿಚ್ಚಿ ಎಸೆಯುವುದಲ್ಲ. ಮೊದಲು ಒಳಗಿನ ಗ್ಯಾಸನ್ನು ಯಂತ್ರದಿಂದ ಸಿಲಿಂಡರಿಗೆ ಎಳೆದುಕೊಳ್ಳಬೇಕು. ಪೈಪು ಸಡಿಲಿಸಿ ಗಾಳಿಗೆ ಬಿಡುವವರಿದ್ದಾರೆ; ಅದು ತಪ್ಪು, ಕೈಗೆ ತಾಗಿದರೆ ಚರ್ಮವೇ ಹೆಪ್ಪುಗಟ್ಟುತ್ತದೆ. ಆಮೇಲೆ ಎಂಜಿನ್ ಪಕ್ಕದ ಕಂಪ್ರೆಸರ್, ರೇಡಿಯೇಟರಿನ ಮುಂದಿರುವ ಕಂಡೆನ್ಸರ್, ಪೈಪುಗಳು, ಕೊನೆಗೆ ಡ್ಯಾಶ್‌ಬೋರ್ಡಿನ ಕೆಳಗಿನ ಡಬ್ಬಿ. ಬಿಚ್ಚಿದ ಬೋಲ್ಟುಗಳನ್ನು ಜಾಗಕ್ಕೊಂದರಂತೆ ಅಡಿಕೆ ಹಾಳೆಯ ತಟ್ಟೆಗಳಲ್ಲಿ ಹಾಕಿಟ್ಟೆ. ಪೈಪು ಹಾಯಿಸಲು ನಾನೇ ಕೊರೆದಿದ್ದ ಎರಡು ತೂತುಗಳಿಗೆ ತಗಡು ಕೂರಿಸಿ ಮುಚ್ಚಿದೆ. ಪಕ್ಕದ ಅಡಿಕೆ ಮಂಡಿಯ ತಕ್ಕಡಿಯಲ್ಲಿ ಬಿಚ್ಚಿದ್ದನ್ನೆಲ್ಲ ತೂಗಿದರೆ ಮೂವತ್ತೊಂದು ಕೆಜಿ ಬಂತು. ಮಂಡಿಯವರು ಇದು ಯಾವ ತಳಿ ಅಡಿಕೆ ಎಂದು ನಕ್ಕರು.

ಎರಡನೆಯ ದಿನ ಕೆಲಸ ನಿಂತಿತು. ಮೂಲ ಗಾಳಿಪೆಟ್ಟಿಗೆ ಬೇಕಿತ್ತು. ಅಂಥದ್ದು ಈಗ ಎಲ್ಲಿಯೂ ಸಿಗುವುದಿಲ್ಲ. ಫೋನ್ ಮಾಡಿದೆ. ಮರುದಿನ ಗಿರಿಜಮ್ಮ ಬಸ್ಸಿನಲ್ಲಿ ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ತಂದರು. ಮುಖದಲ್ಲಿ ಗೆಲುವಿತ್ತು.

"ಎಲ್ಲಿಟ್ಟೀರಿ ಅಂತ ಕೇಳ್ದೆ. 'ಅಂಗಡಿ ಅಟ್ಟದ ಮೇಲೆ, ಎಡಗಡೆ ಮೂಲೆ, ಹಳೇ ಸ್ಟಾರ್ಟರ್ ಡಬ್ಬಿ ಹಿಂದೆ' ಅಂದ್ರು. ಎಷ್ಟು ದಿನ ಆಗಿತ್ತು ನೋಡ್ರಿ, ಅವರ ಬಾಯಲ್ಲಿ ಅಷ್ಟುದ್ದದ ಮಾತು ಕೇಳಿ."

ಬಡಿದಿದ್ದ ತಗಡು ಕಿತ್ತು ಗಾಳಿಪೆಟ್ಟಿಗೆಯನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿದೆ. ಕೊನೆಯ ಕೆಲಸ ಬೆಲ್ಟು. ಆ ಎಂಜಿನ್ನಿನಲ್ಲಿ ಒಂದೇ ಬೆಲ್ಟು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ಎಂಜಿನ್ ತಂಪಾಗಿಡುವ ವಾಟರ್ ಪಂಪನ್ನೂ ತಿರುಗಿಸುತ್ತದೆ. ಏಸಿ ಹಾಕುವಾಗ ಉದ್ದದ ಬೆಲ್ಟು ಹಾಕಿದ್ದೆ. ಈಗ ಗಿಡ್ಡದು ಹೊಸದು ಹಾಕಿ ಬಿಗಿದೆ. ನಾಲ್ಕನೆಯ ದಿನ ಬೆಳಿಗ್ಗೆ ನಾನೇ ಕಾರನ್ನು ನ್ಯಾಮತಿಗೆ ಒಯ್ದೆ.

ಚನ್ನಬಸಣ್ಣ ಪಡಸಾಲೆಯ ಕುರ್ಚಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಒಂದು ಕಾಲದಲ್ಲಿ ಬೀದಿಯ ತುದಿಯಲ್ಲಿ ಹೋಗುವ ಮೋಟರಿನ ಸದ್ದು ಕೇಳಿ ರೋಗ ಹೇಳುತ್ತಿದ್ದ ಮನುಷ್ಯ.

"ಚನ್ನಬಸಣ್ಣ, ಕೆಲಸ ಮಾಡ್ದೋನು ನಾನು. ಪಾಸೋ ಫೇಲೋ ನೀವು ಹೇಳ್ಬೇಕು" ಎಂದೆ.

"ಶುರು ಮಾಡು. ಇಲ್ಲಿಂದ್ಲೇ ಕೇಳ್ತೀನಿ."

ಶುರು ಮಾಡಿ ಕಾದೆ. ಐದು ನಿಮಿಷವಾಯಿತು. ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು, ಆಮೇಲೆ ಗೇಟಿಗೆ ಬಂದರು. ಬಾನೆಟ್ಟಿನ ಮೇಲೆ ಅಂಗೈ ಊರಿ ನಿಂತರು. ಗಿರಿಜಮ್ಮ ತುಳಸಿಕಟ್ಟೆಯ ಹತ್ತಿರ ನಿಂತಿದ್ದರು. ಯಾರೂ ಕರೆಯದೆಯೇ ಚನ್ನಬಸಣ್ಣ ಕಾರಿನ ಬಾಗಿಲು ತಡವಿ ತೆಗೆದು ಕೂತರು.

ಸ್ಟೇರಿಂಗ್ ನಾನು ಹಿಡಿದೆ, ಇಬ್ಬರೂ ಹೊನ್ನಾಳಿ ಕಡೆ ಹೊರಟೆವು. ಕಾಲ ಬಳಿಯಿಂದ ಗಾಳಿ ಬರುತ್ತಿತ್ತು. ಸೇತುವೆಯ ಮೇಲೆ ಅವರು ಮೂಗರಳಿಸಿ, "ಹೊಳೇಲಿ ನೀರು ಇಳಿದೈತೆ, ಕೆಸರು ವಾಸನೆ ಬರ್ತೈತೆ" ಎಂದರು. ಸಾಸ್ವೆಹಳ್ಳಿ ರಸ್ತೆ ಹಿಡಿದ ಮೇಲೆ, "ಎಡಗಡೆ ಹಿಂದಿನ ಚಕ್ರದಾಗೆ ಕಟಕಟ ಅಂತೈತೆ, ನಿಲ್ಸು" ಎಂದರು. ನಿಲ್ಲಿಸಿ ನೋಡಿದರೆ ಅದು ಸೀಟಿನ ಹಿಂದಿಟ್ಟ ನನ್ನ ಸ್ಪ್ಯಾನರ್ ಡಬ್ಬಿಯ ಮುಚ್ಚಳ. ನಕ್ಕುಬಿಟ್ಟೆ. ಅವರು ನಗಲಿಲ್ಲ.

ಇನ್ನಷ್ಟು ದೂರ ಹೋದಮೇಲೆ ಮತ್ತೆ, "ಬೆಲ್ಟು ಕೀಚ್ ಅಂತೈತೆ ತಿಪ್ಪೇಸಿ. ಜಾರ್ತೈತೆ ಅದು" ಎಂದರು. ಮುಚ್ಚಳದ ಕತೆ ಇನ್ನೂ ನನ್ನ ತಲೆಯಲ್ಲಿತ್ತು. "ಹೊಸ ಬೆಲ್ಟಲ್ಲವಾ ಅಣ್ಣ, ಹಂಗೇ ಅಂತೈತೆ" ಎಂದು ಸಮಾಧಾನದ ದನಿಯಲ್ಲಿ ಹೇಳಿದೆ. ಕಾಯಿಲೆಯವರ ಜೊತೆ ಮಾತಾಡುತ್ತೇವಲ್ಲ, ಆ ದನಿ. ಅವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು.

ಹತ್ತು ನಿಮಿಷದಲ್ಲಿ ಎಂಜಿನ್ ಬಿಸಿಯ ಮುಳ್ಳು ಕೆಂಪಿಗೆ ಏರಿತು. ಬಾನೆಟ್ಟಿನ ಸಂದಿಯಿಂದ ಆವಿ. ನಿಲ್ಲಿಸಿ ನೋಡಿದರೆ ಬೆಲ್ಟು ಸಡಿಲ. ಚನ್ನಗಿರಿಯಿಂದ ಓಡಿಸಿಕೊಂಡು ಬಂದಷ್ಟರಲ್ಲೇ ಹೊಸ ಬೆಲ್ಟು ಜಗ್ಗಿತ್ತು, ವಾಟರ್ ಪಂಪ್ ಸರಿಯಾಗಿ ತಿರುಗುತ್ತಿರಲಿಲ್ಲ. ಹೊಸ ಬೆಲ್ಟನ್ನು ಒಂದು ಗಂಟೆ ಓಡಿಸಿ ಮತ್ತೆ ಬಿಗಿಯಬೇಕೆಂಬುದು ಈ ಕೆಲಸದ ಅಆಇಈ. ನನಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಎನ್ನಿಸಿತು. ತಪ್ಪಾಯಿತು ಎಂದೆ.

ಅವರು ಕೂತಲ್ಲಿಂದಲೇ, "ಎಷ್ಟು ಸಡ್ಲ ಐತೆ?" ಎಂದು ಕೇಳಿದರು.

"ಸ್ವಲ್ಪ ಐತೆ ಅಣ್ಣ."

"ಸ್ವಲ್ಪ ಅಂದ್ರೆ ಎಷ್ಟು? ನೋಡಬ್ಯಾಡ, ಒತ್ತು."

ಬಿಸಿ ಆರಲು ಮುಕ್ಕಾಲು ಗಂಟೆ ಕಾದೆವು. ಆಮೇಲೆ ಅವರೇ ಇಳಿದು ಬಂದರು. ಕೈ ಹಿಡಿಯಹೋದರೆ ಕೊಡವಿದರು. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿಟ್ಟು ಬೆಲ್ಟನ್ನು ಒತ್ತಿದರು. "ಅರ್ಧ ಇಂಚು ಬಗ್ಗಬೇಕು. ಇದು ಒಂದೂಕಾಲು ಬಗ್ತೈತೆ." ಸ್ಪ್ಯಾನರ್ ಕೇಳಿದರು. ನಾನು ರಾಡು ಕೊಟ್ಟು ಆಲ್ಟರ್ನೇಟರನ್ನು ಹಿಂದಕ್ಕೆ ಮೀಟಿ ಹಿಡಿದೆ. ಅವರ ಕೈ ತಡಕಾಡಲೇ ಇಲ್ಲ, ನೇರ ಬೋಲ್ಟಿಗೆ ಹೋಯಿತು. ಬಿಗಿದರು, ಒತ್ತಿ ನೋಡಿದರು, ಇನ್ನೊಂದು ಕಾಲು ಸುತ್ತು ಬಿಗಿದರು.

"ಏಸಿ ತೆಗೆದಿದ್ದು ಪಾಸು. ಬೆಲ್ಟು ಫೇಲು" ಎಂದರು. ಆಮೇಲೆ ನಕ್ಕರು. ನನಗೆ ಕಣ್ಣು ತುಂಬಿ ಬಂತು, ಮುಚ್ಚಿಟ್ಟು ಏನು ಮಾಡಲಿ.

ರೇಡಿಯೇಟರಿಗೆ ನೀರು ತುಂಬಿಕೊಂಡು ನ್ಯಾಮತಿಗೆ ಮರಳಿದಾಗ ಗಿರಿಜಮ್ಮ ಗೇಟಿನಲ್ಲೇ ನಿಂತಿದ್ದರು. ತಡವಾದುದಕ್ಕೆ ಗಾಬರಿಯಾಗಿದ್ದರು. ನಾನು ಇಳಿದೆ. ಚನ್ನಬಸಣ್ಣ ಇಳಿಯಲಿಲ್ಲ. ಗ್ರೀಸು ಮೆತ್ತಿದ ಕೈಯಿಂದ ಪಕ್ಕದ ಸೀಟು ತಟ್ಟಿ, "ಗಿರಿಜಾ, ಬಾರೇ. ಈಗ ಸರಿ ಆಗೈತೆ, ನೀನು ಓಡ್ಸು" ಎಂದರು. ಗಿರಿಜಮ್ಮ ಚಪ್ಪಲಿ ಕೂಡ ಮೆಟ್ಟದೆ ಹತ್ತಿ ಕೂತರು.

ಕಾರು ಬೀದಿಯ ತಿರುವು ದಾಟಿತು. ಮೂವತ್ತು ವರ್ಷ ನಾನು ಥರ್ಮಾಮೀಟರ್ ಇಟ್ಟು ಗಾಡಿಯೊಳಗೆ ಎಷ್ಟು ತಂಪಾಯಿತೆಂದು ಅಳೆದಿದ್ದೆ. ಒಳಗೆ ಕೂರುವವರಿಗೆ ಏನು ಬೇಕೆಂದು ಕೇಳಿರಲಿಲ್ಲ, ಹೇಳಿದಾಗಲೂ ಕಿವಿಗೊಟ್ಟಿರಲಿಲ್ಲ. ಉಳಿದ ಒಂದು ವರ್ಷ ಪ್ರತಿ ಗಾಡಿಗೂ ಮೊದಲು ಅದನ್ನೇ ಕೇಳಿದೆ. ಅವತ್ತು ಅವರು ಬಂದಮೇಲೆ ಹೇಳಿ ಹೊರಡೋಣವೆಂದು ಗೇಟಿನ ಬಳಿ ಒಂದು ಗಂಟೆ ಕಾದೆ. ಬರಲೇ ಇಲ್ಲ. ಸ್ಪ್ಯಾನರ್ ಡಬ್ಬಿಯೂ ಕಾರಿನಲ್ಲೇ ಹೋಗಿತ್ತು. ಬರಿಗೈಯಲ್ಲಿ ಬಸ್ಸು ಹತ್ತಿ ಚನ್ನಗಿರಿಗೆ ಬಂದೆ. ಅಷ್ಟು ಸಂತೋಷದಿಂದ ನಾನು ಯಾವ ಕೆಲಸ ಮುಗಿಸಿಯೂ ಮನೆಗೆ ಹೋದದ್ದಿಲ್ಲ.